ಬ್ಲ್ಯಾಕ್ ಬೆಲ್ಟ್ ಎಲ್ಲಿಂದ ಬಂತು, ಕೊಡುವವರು ಯಾರು?



ಆದೋನಿ, ಎಮ್ಮಿಗನೂರು ಕಡೆ ಸಂಜೆ ಹೊತ್ತು ಬಿಳಿ ಡ್ರೆಸ್ ತೊಟ್ಟು ಕರಾಟೆ, ಟೇಕ್ವಾಂಡೋ ಕ್ಲಾಸಿಗೆ ಹೊರಡುವ ಮಕ್ಕಳನ್ನು ನಾವೆಲ್ಲ ನೋಡುತ್ತೇವೆ. ಬೆಲ್ಟಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಫೀಸು. ಕೂಲಿ ಮಾಡಿ, ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ಆ ಫೀಸು ಕಟ್ಟುವ ತಂದೆತಾಯಂದಿರು ನಮ್ಮಲ್ಲಿದ್ದಾರೆ. ಅದಕ್ಕೇ ಈ ಬೆಲ್ಟಿನ ಚರಿತ್ರೆಯನ್ನು ಹುಡುಕಿ ಓದಿದೆವು.

ಟೇಕ್ವಾಂಡೋ ಕೊರಿಯಾದ್ದು, ಆದರೆ ಬೆಲ್ಟ್ ಹುಟ್ಟಿದ್ದು ಜಪಾನಿನಲ್ಲಿ. ಜೂಡೊ ಕಟ್ಟಿದ ಜಿಗೊರೊ ಕಾನೊ ವೃತ್ತಿಯಲ್ಲಿ ಮೇಷ್ಟ್ರು. 1882ರಲ್ಲಿ ತಮ್ಮ ಶಾಲೆ ತೆರೆದು, ಮರುವರ್ಷ ಇಬ್ಬರು ಶಿಷ್ಯರಿಗೆ ‘ಶೋದಾನ್’ ದರ್ಜೆ ಕೊಟ್ಟರು. ಈ ದಾನ್ ಲೆಕ್ಕ ‘ಗೊ’ ಎಂಬ ಮಣೆಯಾಟದಿಂದ ತಂದದ್ದು. ಮುಂದೆ ದಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಬಂತು. ಶೋದಾನ್ ಎಂದರೆ ಮೊದಲ ಮೆಟ್ಟಿಲು. ನಾವು ಬ್ಲ್ಯಾಕ್ ಬೆಲ್ಟನ್ನು ಡಿಗ್ರಿ ಸರ್ಟಿಫಿಕೇಟಿನ ಹಾಗೆ ನೋಡುತ್ತೇವೆ. ಕಾನೊ ಅವರ ಲೆಕ್ಕದಲ್ಲಿ ಅಕ್ಷರ ಕಲಿತದ್ದಾಯಿತು, ಇನ್ನು ಪಾಠ ಶುರು ಎಂಬುದಕ್ಕೆ ಅದು ಗುರುತು.

ಹಳದಿ, ಹಸಿರು, ನೀಲಿ ಬಣ್ಣಗಳು ಬೆಳೆದದ್ದು ಯುರೋಪಿನ ಜೂಡೊ ಕ್ಲಬ್ಬುಗಳಲ್ಲಿ. 1930ರ ದಶಕದಲ್ಲಿ ಪ್ಯಾರಿಸ್ಸಿಗೆ ಬಂದ ಮಿಕೊನೊಸುಕೆ ಕವಾಯಿಶಿ ಅವರಿಂದ ಅವು ಜನಪ್ರಿಯವಾದವು. ಕಣ್ಣಿಗೆ ಕಾಣುವ ಸಣ್ಣ ಸಣ್ಣ ಗೆಲುವು ಇದ್ದರೆ ವಿದ್ಯಾರ್ಥಿ ಬಿಟ್ಟು ಹೋಗುವುದಿಲ್ಲ. ಉಪಾಯ ಒಳ್ಳೆಯದೇ. ಆದರೆ ಪರೀಕ್ಷೆ ಫೀಸಿಗೆ ದಾರಿಯಾದದ್ದೂ ಇದೇ.

1924ರಲ್ಲಿ ಫುನಾಕೊಶಿ ಕರಾಟೆಗೂ ದಾನ್ ತಂದರು. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಅಲ್ಲಿ ಕರಾಟೆ ಕಲಿತು ಬಂದ ಕೊರಿಯಾದವರು ತಮ್ಮೂರಿನಲ್ಲಿ ‘ಕ್ವಾನ್’ಗಳನ್ನು ತೆರೆದರು. ಒಂದೊಂದು ಕ್ವಾನಿಗೆ ಒಂದೊಂದು ಅಳತೆ. 1955ರಲ್ಲಿ ಟೇಕ್ವಾಂಡೋ ಎಂಬ ಒಂದೇ ಹೆಸರು ಬಂದರೂ ಅಳತೆ ಒಂದಾಗಲಿಲ್ಲ. 1972ರಲ್ಲಿ ಸೋಲ್ ನಗರದಲ್ಲಿ ಕುಕ್ಕಿವಾನ್ ಎದ್ದಿತು. ದಾನ್ ಪ್ರಮಾಣಪತ್ರ ಕೊಡುವ ಕೇಂದ್ರ ಇಂದಿಗೂ ಅದೇ. ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು 1970ರ ದಶಕದಲ್ಲಿ, ಜಿಮ್ಮಿ ಜಗತಿಯಾನಿ ಅವರಿಂದ.

ಕುಕ್ಕಿವಾನ್ ನಿಯಮ ಏನು ಹೇಳುತ್ತದೆ? 15 ವರ್ಷ ತುಂಬದವರಿಗೆ ದಾನ್ ಇಲ್ಲ. ಅವರಿಗೆ ಸಿಗುವುದು ‘ಪೂಮ್’, ಅರ್ಧ ಕೆಂಪು ಅರ್ಧ ಕಪ್ಪು ಪಟ್ಟಿ. ಮೊದಲ ದಾನಿನಿಂದ ಎರಡಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3. ಬಣ್ಣದ ಬೆಲ್ಟುಗಳು ಮಾತ್ರ ಬಹುಮಟ್ಟಿಗೆ ಆಯಾ ಶಾಲೆಯ ಕೈಯಲ್ಲೇ.

ತೊಡಕು ಇರುವುದು ಇಲ್ಲಿ. ಪ್ರಮಾಣಪತ್ರ ಸೋಲ್‌ನಿಂದ ಬಂದರೂ, ಹುಡುಗನ ಒದೆತ, ಪೂಮ್ಸೆ, ಕಾದಾಟವನ್ನು ನೋಡಿ ಹೆಸರು ಕಳಿಸುವವರು ಸಾಮಾನ್ಯವಾಗಿ ಇಲ್ಲಿಯ ಮಾಸ್ಟರೇ, ನಾಲ್ಕನೇ ದಾನ್ ಅಥವಾ ಮೇಲಿನವರು. ಕಲಿಸುವವರು, ಫೀಸು ಪಡೆಯುವವರು, ಪಾಸು ಮಾಡುವವರು ಎಷ್ಟೋ ಕಡೆ ಒಬ್ಬರೇ. ಅಮೆರಿಕದಲ್ಲಿ ‘ಇಷ್ಟು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್’ ಎಂದು ಮೊದಲೇ ಕರಾರು ಮಾಡಿಸಿಕೊಳ್ಳುವ ಶಾಲೆಗಳು ಬೆಳೆದು, ಜನ ಅವುಗಳಿಗೆ ‘ಮೆಕ್‌ಡೋಜೊ’ ಎಂದು ಅಡ್ಡಹೆಸರಿಟ್ಟರು. ನಮ್ಮ ದೇಶದಲ್ಲೋ ಯಾವ ಒಕ್ಕೂಟ ಅಧಿಕೃತ ಎಂಬ ಜಗಳವೇ ಕೋರ್ಟಿಗೆ ಹೋಗಿದೆ. ಸ್ವಂತ ಹೆಸರಿನಲ್ಲಿ ಸರ್ಟಿಫಿಕೇಟ್ ಅಚ್ಚು ಹಾಕಿಸುವುದು ಕಷ್ಟದ ಕೆಲಸವೂ ಅಲ್ಲ.

ಪ್ರಾಮಾಣಿಕ ಮಾಸ್ಟರುಗಳು ಇದ್ದಾರೆ, ಚಿಕ್ಕ ಊರುಗಳಲ್ಲೂ ಇದ್ದಾರೆ. ಅವರ ಬಳಿ ಮಕ್ಕಳು ಫೇಲೂ ಆಗುತ್ತಾರೆ. ನಮಗೆ ಅದೇ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ. ಹಣ ಹೋದರೆ ಹೋಯಿತು ಅನ್ನಬಹುದು. ಆದರೆ ತಪ್ಪದೆ ಪಾಸಾಗುತ್ತಾ ಬಂದ ಹುಡುಗಿ, ನಡುವಿಗೆ ಕಟ್ಟಿದ ಬೆಲ್ಟನ್ನೇ ನಂಬಿ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಎದುರು ನಿಲ್ಲಬೇಕಾಗಿ ಬಂದರೆ?

ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ಮಗುವನ್ನು ಸೇರಿಸುವ ಮೊದಲು ಒಂದು ಸಂಜೆ ಕ್ಲಾಸಿನಲ್ಲಿ ಕೂತು ನೋಡಿ. ಮಾಸ್ಟರಿಗೆ ಎಷ್ಟನೇ ದಾನ್, ಯಾರಿಂದ ಬಂತು, ಬ್ಲ್ಯಾಕ್ ಬೆಲ್ಟಿಗೆ ಒಟ್ಟು ಎಷ್ಟು ಖರ್ಚು ಎಂದು ಸಂಕೋಚವಿಲ್ಲದೆ ಕೇಳಿ. ಕುಕ್ಕಿವಾನ್ ಪ್ರಮಾಣಪತ್ರಕ್ಕೆ ಒಂದು ಸಂಖ್ಯೆ ಇರುತ್ತದೆ. ಅದು ಅಸಲಿಯೇ ಎಂದು ಅವರ ವೆಬ್‌ಸೈಟಿನಲ್ಲಿ ಮೊಬೈಲಿನಿಂದಲೇ ನೋಡಬಹುದು.