ಆರೋಪಿತ ಮಾತೃತ್ವ: ‘ಬ್ಯಾಚುಲರ್ ಮದರ್’ ಚಲಚ್ಚಿತ್ರದ ವಸ್ತುವಿಚಾರ

೧

ಪರರ ಕೂಸು ಅಕಸ್ಮಾತ್ತಾಗಿ ಅವಿವಾಹಿತೆಯೊಬ್ಬಳ ಮಡಿಲಿಗೆ ಬೀಳುವುದು, ಅದು ಅವಳದೇ ಎಂದು ಲೋಕವು ನಿಶ್ಚಯಿಸುವುದು, ಅವಳು ಎಷ್ಟು ನಿರಾಕರಿಸಿದರೂ ಯಾರೂ ನಂಬದಿರುವುದು, ಇವೆಲ್ಲ ಸ್ವಭಾವತಃ ಕರುಣರಸಕ್ಕೆ ಒದಗತಕ್ಕ ಸಾಮಗ್ರಿ. ಇದನ್ನೇ ಆದ್ಯಂತವಾಗಿ ಹಾಸ್ಯಕ್ಕೆ ಆಧಾರವಾಗಿ ಮಾಡಿಕೊಂಡ ಕೃತಿ, ೧೯೩೯ರಲ್ಲಿ ಹಾಲಿವುಡ್ಡಿನ ಆರ್.ಕೆ.ಓ. ಸಂಸ್ಥೆಯಿಂದ ಹೊರಬಂದ ‘ಬ್ಯಾಚುಲರ್ ಮದರ್’ ಎಂಬ ವಾಕ್ಚಿತ್ರ. ಹೆಸರಿನಲ್ಲಿಯೇ ವಿರೋಧಾಭಾಸವಿದೆ. ‘ಬ್ಯಾಚುಲರ್’ ಎಂಬ ಶಬ್ದವು ಇಂಗ್ಲಿಷಿನಲ್ಲಿ ರೂಢಿಯಾಗಿ ಮದುವೆಯಾಗದ ಗಂಡಸಿಗೆ ಸಲ್ಲುವುದು. ಅದನ್ನು ತಾಯಿಗೆ ವಿಶೇಷಣವಾಗಿ ಇಟ್ಟಿರುವುದರಿಂದ ‘ಬ್ರಹ್ಮಚಾರಿ ತಾಯಿ’ ಎಂದು ಹೇಳಿದಂತಾಗುತ್ತದೆ.

ಈ ಕೃತಿಯು ‘ಸ್ಕ್ರೂಬಾಲ್ ಕಾಮಿಡಿ’ ಎಂಬ ವರ್ಗಕ್ಕೆ ಸೇರಿದುದು. ಬೇಸ್‌ಬಾಲ್ ಆಟದಲ್ಲಿ ಚೆಂಡು ವಾಡಿಕೆಯ ಬಾಗಿಗೆ ವಿರುದ್ಧವಾದ ದಿಕ್ಕಿಗೆ ತಿರುಗುವಂತೆ ಎಸೆಯುವ ಒಂದು ವಿಧಾನಕ್ಕೆ ಆ ಹೆಸರುಂಟು. ನಡತೆಯಲ್ಲಿ ಹಾಗೆ ಅಡ್ಡದಾರಿ ಹಿಡಿಯುವ ಪಾತ್ರಗಳುಳ್ಳ ಶೃಂಗಾರಹಾಸ್ಯದ ಚಿತ್ರಗಳಿಗೆ ಅದೇ ಹೆಸರು ನಿಂತಿತು. ೧೯೩೪ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಐದು ಪ್ರಧಾನ ಅಕಾಡೆಮಿ ಪ್ರಶಸ್ತಿಗಳನ್ನು ಗಳಿಸಿದ ಮೇಲೆ ಈ ಬಗೆಯ ಚಿತ್ರಗಳು ಹೇರಳವಾದವು. ಧನಿಕರ ಮಗನೋ ಮಗಳೋ ಬಡವರ ಸಂಗದಲ್ಲಿ ಸಿಲುಕುವುದು, ತಪ್ಪುಗ್ರಹಿಕೆಗಳ ಸರಣಿ, ಉಸಿರುಬಿಡದ ಮಾತಿನ ಚಕಮಕಿ, ಕೊನೆಗೆ ವಿವಾಹ, ಇವು ಅವುಗಳ ಸಾಮಾನ್ಯ ಲಕ್ಷಣಗಳು. ೧೯೨೯ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಿಂದ ೧೯೩೩ರ ವೇಳೆಗೆ ಅಮೆರಿಕದಲ್ಲಿ ದುಡಿಯತಕ್ಕವರ ಪೈಕಿ ಸುಮಾರು ನಾಲ್ಕನೆಯ ಒಂದು ಪಾಲಿನವರು ಕೆಲಸವಿಲ್ಲದೆ ಇದ್ದರು. ಧನಿಕನನ್ನು ನಗೆಪಾಟಲಿಗೆ ಗುರಿಮಾಡಿ, ಕಡೆಗೆ ಅವನೊಡನೆ ರಾಜಿಯಾಗುವ ಈ ಕಥೆಗಳು ಆ ಕಾಲದ ಪ್ರೇಕ್ಷಕರಿಗೆ ಹಿತವಾದುದರಲ್ಲಿ ಆಶ್ಚರ್ಯವಿಲ್ಲ.

ಪ್ರಕೃತ ಚಿತ್ರದ ಮೂಲವು ಅಮೆರಿಕದ್ದಲ್ಲ. ೧೯೩೩ರಲ್ಲಿ ಜರ್ಮನಿಯಲ್ಲಿ ನಾಟ್ಸಿ ಪಕ್ಷವು ಅಧಿಕಾರಕ್ಕೆ ಬಂದಮೇಲೆ ಬರ್ಲಿನ್ನಿನ ಅನೇಕ ಯೆಹೂದ್ಯ ಕಲಾವಿದರು ವಿಯೆನ್ನ, ಬುಡಾಪೆಸ್ಟ್ ನಗರಗಳನ್ನು ಸೇರಿದರು. ಹಾಗೆ ಹೋದವರಲ್ಲಿ ನಿರ್ದೇಶಕ ಹೆನ್ರಿ ಕಾಸ್ಟರ್, ಕಥೆಗಾರ ಫೀಲಿಕ್ಸ್ ಜಾಕ್ಸನ್ ಇಬ್ಬರೂ ಇದ್ದರು. ಯೂನಿವರ್ಸಲ್ ಸಂಸ್ಥೆಯ ಯೂರೋಪಿನ ಶಾಖೆಗಾಗಿ ಜೋ ಪಾಸ್ಟರ್ನಾಕ್ ನಿರ್ಮಿಸಿದ ‘ಕ್ಲೈನೆ ಮುಟ್ಟಿ’, ಎಂದರೆ ‘ಪುಟ್ಟ ಅಮ್ಮ’, ೧೯೩೫ರಲ್ಲಿ ತೆರೆಕಂಡಿತು. ನಾಯಿಕೆ ಹಂಗೆರಿಯ ನಟಿ ಫ್ರಾನ್ಸಿಸ್ಕಾ ಗಾಲ್. ಮರುವರ್ಷ ಕಾಸ್ಟರ್ ಮತ್ತು ಪಾಸ್ಟರ್ನಾಕ್ ಹಾಲಿವುಡ್ಡಿಗೆ ಹೋದರು. ಕಥೆಯೂ ಅವರ ಹಿಂದೆಯೇ ಸಾಗರವನ್ನು ದಾಟಿತು. ಆರ್.ಕೆ.ಓ. ಸಂಸ್ಥೆಯಲ್ಲಿ ನಾರ್ಮನ್ ಕ್ರಾಸ್ನಾ ಅದಕ್ಕೆ ಚಿತ್ರಕಥೆಯನ್ನು ರಚಿಸಿದನು. ಆಗ ಇನ್ನೂ ಮೂವತ್ತು ತುಂಬದ ಗಾರ್ಸನ್ ಕೇನಿನ್ ನಿರ್ದೇಶಿಸಿದನು. ಮೂಲಕಥೆಗಾಗಿ ಫೀಲಿಕ್ಸ್ ಜಾಕ್ಸನ್ನನ ಹೆಸರು ಅಕಾಡೆಮಿ ಪ್ರಶಸ್ತಿಗೆ ಸೂಚಿತವಾಯಿತು. ಮನೆಮಠಗಳನ್ನು ತೊರೆದು ಬಂದವರ ಕೈಯಲ್ಲಿ ಹುಟ್ಟಿದ ಕಥೆಯ ಕೇಂದ್ರದಲ್ಲಿ ಮನೆಯಿಲ್ಲದ ಕೂಸೊಂದು ಇರುವುದು ಗಮನಾರ್ಹ.

೨

ಕಥಾಸಂಗ್ರಹವು ಹೀಗಿದೆ. ಪಾಲಿ ಪ್ಯಾರಿಷ್ ಎಂಬ ತರುಣಿ ನ್ಯೂಯಾರ್ಕಿನ ‘ಜಾನ್ ಬಿ. ಮರ್ಲಿನ್ ಅಂಡ್ ಸನ್’ ಎಂಬ ದೊಡ್ಡ ಮಳಿಗೆಯಲ್ಲಿ ಆಟದ ಸಾಮಾನುಗಳನ್ನು ಮಾರುವವಳು. ಕ್ರಿಸ್‌ಮಸ್ ವ್ಯಾಪಾರದ ಮಟ್ಟಿಗೆ ಮಾತ್ರ ಅವಳನ್ನು ನೇಮಿಸಿಕೊಂಡಿದ್ದಾರೆ. ಕೆಲಸ ಮುಗಿಯಿತೆಂಬ ಚೀಟಿ ಕೈಸೇರಿದ ದಿನ, ಮಧ್ಯಾಹ್ನದ ಬಿಡುವಿನಲ್ಲಿ ಅವಳು ಬೇರೆ ಕೆಲಸವನ್ನು ಹುಡುಕಲು ಹೊರಡುತ್ತಾಳೆ. ದಾರಿಯಲ್ಲಿ ಹೆಂಗಸೊಬ್ಬಳು ಅನಾಥಶಿಶುಗಳ ಆಶ್ರಮದ ಮೆಟ್ಟಿಲಿನ ಮೇಲೆ ಕೂಸನ್ನು ಇಟ್ಟು ಹೋಗುವುದನ್ನು ಕಾಣುತ್ತಾಳೆ. ಮಗು ಉರುಳಿ ಬಿದ್ದೀತೆಂದು ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಆಶ್ರಮದವರು ಅವಳನ್ನೇ ತಾಯಿಯೆಂದು ಭಾವಿಸುತ್ತಾರೆ. ಅವಳ ನಿರಾಕರಣೆಯನ್ನು ಅವರು ಲಜ್ಜೆಯ ಫಲವೆಂದು ತಿಳಿದು, ಮಳಿಗೆಗೆ ಹೋಗಿ ಸಂಗತಿಯನ್ನು ತಿಳಿಸುತ್ತಾರೆ. ಒಡೆಯನ ಮಗನಾದ ಡೇವಿಡ್ ಮರ್ಲಿನ್ ಕನಿಕರಗೊಂಡು, ತಾಯಿಯೂ ಮಗುವೂ ಅಗಲದಿರಲೆಂದು ಅವಳ ಕೆಲಸವನ್ನು ಮರಳಿ ಕೊಡಿಸಿ, ಕೂಸನ್ನೂ ಕಳುಹಿಸುತ್ತಾನೆ. ಕೂಸನ್ನು ಒಪ್ಪಿದರೆ ಸಂಬಳ, ಒಪ್ಪದಿದ್ದರೆ ಬೀದಿ. ಪಾಲಿ ಒಪ್ಪುತ್ತಾಳೆ.

ಪಾಲಿಯ ಪಾತ್ರವನ್ನು ಜಿಂಜರ್ ರಾಜರ್ಸ್, ಡೇವಿಡ್ಡನ ಪಾತ್ರವನ್ನು ಡೇವಿಡ್ ನಿವೆನ್, ಅವನ ತಂದೆಯ ಪಾತ್ರವನ್ನು ಚಾರ್ಲ್ಸ್ ಕೋಬರ್ನ್ ವಹಿಸಿದ್ದಾರೆ. ಫ್ರೆಡ್ ಅಸ್ಟೇರನ ಜೊತೆಯ ನರ್ತಕಿಯೆಂದೇ ಆವರೆಗೆ ಹೆಚ್ಚಾಗಿ ಪ್ರಸಿದ್ಧಳಾಗಿದ್ದ ರಾಜರ್ಸ್, ದುಡಿಯುವ ಹೆಣ್ಣಿನ ಒಣ ಮಾತನ್ನೂ ಮೊಂಡು ಧೈರ್ಯವನ್ನೂ ಇಲ್ಲಿ ಸಹಜವಾಗಿ ತೋರಿದಳು. ಮರುವರ್ಷದ ‘ಕಿಟಿ ಫಾಯ್ಲ್’ ಚಿತ್ರಕ್ಕಾಗಿ ಅವಳಿಗೆ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಈ ಮೂಲಭ್ರಾಂತಿಯಿಂದ ಮಿಕ್ಕ ಭ್ರಾಂತಿಗಳು ಕವಲೊಡೆಯುತ್ತವೆ. ಡೇವಿಡ್ಡನು ಆಗಾಗ್ಗೆ ಮಗುವನ್ನು ನೋಡಲು ಬರುವುದರಿಂದ, ಅವನೇ ತಂದೆಯೆಂಬ ಸುದ್ದಿ ಮುದಿ ಮರ್ಲಿನ್ನನ ಕಿವಿಗೆ ಬೀಳುತ್ತದೆ. ಮೊಮ್ಮಗನಿಗಾಗಿ ಹಂಬಲಿಸುತ್ತಿದ್ದ ವೃದ್ಧನಿಗೆ ಅಪವಾದವು ಅಪವಾದವಾಗಿ ಕಾಣದೆ ಭಾಗ್ಯವಾಗಿ ಕಾಣುತ್ತದೆ. ಮಗುವನ್ನು ಅವನು ಕಸಿದುಕೊಂಡಾನೆಂಬ ಭಯದಿಂದ ಪಾಲಿ ಮನೆಯೊಡತಿಯ ಮಗನನ್ನು ಗಂಡನೆಂದು ತೋರಿಸುತ್ತಾಳೆ. ಅದೇ ಸಮಯಕ್ಕೆ ಡೇವಿಡ್ಡನು ಮಳಿಗೆಯ ಗುಮಾಸ್ತನೊಬ್ಬನನ್ನು ತಂದೆಯೆಂದು ಮುಂದೊಡ್ಡುತ್ತಾನೆ. ಒಂದು ಕೂಸಿಗೆ ಇಬ್ಬರು ಸುಳ್ಳುತಂದೆಗಳು ಎದುರುಬದುರಾಗಿ ನಿಲ್ಲುತ್ತಾರೆ. ತಂದೆ ಯಾರಾದರೂ ಆಗಲಿ, ಅಜ್ಜನಂತೂ ತಾನೇ ಎಂಬುದು ಮುದುಕನ ತೀರ್ಪು. ಪ್ರಹಸನದ ಶಿಖರವೂ ಕೃತಿಯ ಹೃದಯವೂ ಇದೇ.

೩

ಇಂಥ ವಸ್ತುವನ್ನು ಆ ಕಾಲದ ಹಾಲಿವುಡ್ಡು ಹೇಗೆ ಕೈಗೆತ್ತಿಕೊಂಡೀತೆಂಬುದು ಪ್ರಶ್ನೆ. ಚಿತ್ರನಿರ್ಮಾಪಕರ ಸಂಘವು ೧೯೩೦ರಲ್ಲಿ ನೀತಿಸಂಹಿತೆಯೊಂದನ್ನು ಅಂಗೀಕರಿಸಿತ್ತು. ಕೆಲವು ವರ್ಷ ಅದು ಕಾಗದದ ಮೇಲಿನ ಮಾತಾಗಿಯೇ ಉಳಿಯಿತು. ಕ್ಯಾಥೊಲಿಕ್ ಧರ್ಮೀಯರ ಚಳವಳಿಯು ಬಲಗೊಂಡ ೧೯೩೪ರಲ್ಲಿ ಜೋಸೆಫ್ ಬ್ರೀನ್ ಎಂಬವನ ಅಧಿಕಾರದಲ್ಲಿ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲಾಯಿತು. ಸಂಹಿತೆಯ ಮುದ್ರೆಯಿಲ್ಲದೆ ಚಿತ್ರವನ್ನು ಬಿಡುಗಡೆ ಮಾಡುವ ಸದಸ್ಯಸಂಸ್ಥೆಗೆ ೨೫,೦೦೦ ಡಾಲರ್ ದಂಡ. ವಿವಾಹ ಮತ್ತು ಗೃಹಗಳ ಪಾವಿತ್ರ್ಯವನ್ನು ಎತ್ತಿಹಿಡಿಯಬೇಕು, ಪ್ರಸವದ ದೃಶ್ಯವನ್ನು ಎಂದಿಗೂ ತೋರಿಸಕೂಡದು ಎಂಬುವು ಅದರ ವಿಧಿಗಳಲ್ಲಿ ಸೇರಿದ್ದವು. ಅವಿವಾಹಿತೆ ತಾಯಿಯಾದರೆ ಕಣ್ಣೀರು ಸುರಿಸಿ ಪ್ರಾಯಶ್ಚಿತ್ತವನ್ನು ಅನುಭವಿಸುವುದು ತೆರೆಯ ಮೇಲಿನ ವಾಡಿಕೆಯಾಗಿತ್ತು. ಅವಳನ್ನು ನಗೆಯ ನಡುವೆ ನಿಲ್ಲಿಸಿ ಸುಖಾಂತ್ಯಕ್ಕೆ ಒಯ್ಯುವುದು ಸುಲಭವಾಗಿರಲಿಲ್ಲ.

ಕ್ರಾಸ್ನಾನ ಚಿತ್ರಕಥೆಯು ಈ ಕಟ್ಟನ್ನು ಮುರಿಯಲಿಲ್ಲ, ಅದರ ಅಡಿಯಿಂದ ನುಸುಳಿತು. ಪಾಲಿ ನಿರ್ದೋಷಿಯೆಂಬುದನ್ನು ಪ್ರೇಕ್ಷಕನು ಆರಂಭದಲ್ಲಿಯೇ ಕಣ್ಣಾರೆ ಕಂಡಿದ್ದಾನೆ. ಆದುದರಿಂದ ಸಂಹಿತೆಗೆ ಭಂಗವಿಲ್ಲ. ಆದರೆ ಕಥೆಯೊಳಗಿನ ಜನರಿಗೆ ಅವಳು ಅವಿವಾಹಿತೆಯಾದ ತಾಯಿಯೇ. ಅವಳಿಗೆ ಕೆಲಸ ಕೊಡುವವರೂ ಅವಳನ್ನು ಪ್ರೀತಿಸುವವನೂ ಕೂಸಿಗೆ ತೊಟ್ಟಿಲನ್ನು ಒದಗಿಸುವವರೂ ಹಾಗೆಂದು ನಂಬಿಯೇ ಅವೆಲ್ಲವನ್ನೂ ಮಾಡುತ್ತಾರೆ. ಹೀಗಾಗಿ ಅವಿವಾಹಿತೆಯಾದ ತಾಯಿಗೆ ಸಮಾಜವು ಯಾವ ಬಗೆಯ ಗೌರವವನ್ನು ತೋರಬಹುದೋ ಅದನ್ನು ಚಿತ್ರವು ಪೂರ್ಣವಾಗಿ ತೋರಿಸಿತು. ಅಂಥ ತಾಯಿಯೊಬ್ಬಳು ಮಾತ್ರ ಅದರಲ್ಲಿ ಇಲ್ಲ.

ನಿರ್ದೋಷಿತ್ವವು ಪಾಲಿಗೆ ಯಾವ ಉಪಯೋಗಕ್ಕೂ ಬಾರದೆಂಬುದೂ ಇಲ್ಲಿ ವಿಚಾರಣೀಯ. ಅವಳು ಹೇಳುವ ನಿಜವೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ. ಹೇಳುವ ಸುಳ್ಳು ಒಡನೆ ಅಂಗೀಕೃತವಾಗುತ್ತದೆ. ಈ ತತ್ತ್ವವನ್ನು ಸ್ಥಾಪಿಸಲು ಕವಿಯು ಇನ್ನೆರಡು ಸನ್ನಿವೇಶಗಳನ್ನು ಜೋಡಿಸಿದ್ದಾನೆ. ಕೀಲಿ ಕೊಟ್ಟರೆ ನಡೆಯುವ ಡೊನಾಲ್ಡ್ ಡಕ್ ಗೊಂಬೆಯೊಂದು ಕೆಟ್ಟುಹೋಗಿದೆ. ಮಳಿಗೆಯಲ್ಲಿ ಅದನ್ನು ಬದಲಾಯಿಸಿಕೊಳ್ಳುವುದು ಅತಿ ಸುಲಭವೆಂದು ವಾದಿಸಿದ ಡೇವಿಡ್ಡನು, ಗುರುತು ಹೇಳದೆ ತನ್ನ ಮಳಿಗೆಗೇ ಗಿರಾಕಿಯಾಗಿ ಹೋಗುತ್ತಾನೆ. ಅಲ್ಲಿನ ಸಿಬ್ಬಂದಿ ಅವನ ಮಾತನ್ನು ನಂಬದೆ ಕಳ್ಳನನ್ನು ಕಂಡಂತೆ ಕಾಣುತ್ತದೆ. ಪದವಿಯ ಆಸರೆ ತಪ್ಪಿದೊಡನೆ ಒಡೆಯನ ಮಗನ ನಿಜವೂ ಪಾಲಿಯ ನಿಜದಷ್ಟೇ ಅಗ್ಗವಾಗುತ್ತದೆ.

ಇನ್ನೊಂದು, ಶಿಶುಪಾಲನೆಯನ್ನು ಕುರಿತ ಪುಸ್ತಕದ ಪ್ರಸಂಗ. ಡೇವಿಡ್ಡನು ಗ್ರಂಥವನ್ನು ಹಿಡಿದು ಬಂದು, ಆಹಾರವನ್ನು ಬಟ್ಟೆಯಲ್ಲಿ ತೆಗೆದುಕೊಂಡು ಮಗುವಿನ ಹೊಕ್ಕುಳಿಗೆ ಉಜ್ಜಬೇಕೆಂದು ಓದಿ ಹೇಳುತ್ತಾನೆ. ಪುಸ್ತಕದಲ್ಲಿ ಅಚ್ಚಾಗಿದೆಯೆಂಬುದೇ ಅವನ ಪ್ರಮಾಣ. ಎರಡು ಹಾಳೆಗಳು ಅಂಟಿಕೊಂಡಿದ್ದುವೆಂಬುದು ಆಮೇಲೆ ತಿಳಿಯುತ್ತದೆ. ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಪತ್ರಲೋಪದಿಂದ ಉಂಟಾಗುವ ಪಾಠದೋಷವು ಹೊಸದಲ್ಲ. ಅದನ್ನು ನಗೆಗೆ ಹೀಗೆ ಬಳಸಿಕೊಂಡಿರುವುದು ಹೊಸದು. ಪಾಲಿಯ ಬಾಳಿನಲ್ಲಿ ನಡೆದಿರುವುದೂ ಇಂಥದೇ ಪಾಠದೋಷ: ಮೆಟ್ಟಿಲು, ಕೂಸು, ಎತ್ತಿಕೊಂಡ ಕೈ, ಇವುಗಳ ನಡುವೆ ಒಂದು ಹಾಳೆಯನ್ನು ಲೋಕವು ಓದಿಯೇ ಇಲ್ಲ.

೪

ಕೂಸಿನ ಜನ್ಮವನ್ನು ಕುರಿತ ಭ್ರಾಂತಿಯು ಪಾಶ್ಚಾತ್ಯ ಹಾಸ್ಯನಾಟಕದಲ್ಲಿ ಅತಿ ಪ್ರಾಚೀನವಾದುದು. ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ್ ಕವಿ ಮೆನಾಂಡರನ ‘ಸಾಮಿಯಾ’ ನಾಟಕವು ಇದಕ್ಕೆ ನಿದರ್ಶನ. ಈಜಿಪ್ಟಿನಲ್ಲಿ ೧೯೦೫ರಲ್ಲಿ ದೊರೆತ ಪಪೈರಸ್ ಪ್ರತಿಯಿಂದ ಅದರ ಭಾಗಗಳು ತಿಳಿದುವು; ೧೯೬೯ರಲ್ಲಿ ಬಾಡ್ಮರ್ ಸಂಗ್ರಹದ ಪ್ರತಿಯು ಪ್ರಕಟವಾದಮೇಲೆ ನಾಟಕದ ಬಹುಭಾಗವು ಓದುಗರಿಗೆ ದಕ್ಕಿತು. ಅದರಲ್ಲಿ ಡೆಮಿಯಾಸನ ದತ್ತುಪುತ್ರನಾದ ಮೋಸ್ಕಿಯೋನನಿಗೂ ನೆರೆಮನೆಯ ಪ್ಲಾಂಗೋನಳಿಗೂ ಹುಟ್ಟಿದ ಕೂಸನ್ನು, ಡೆಮಿಯಾಸನ ಆಶ್ರಯದಲ್ಲಿದ್ದ ಕ್ರಿಸಿಸ್ ಎಂಬವಳು ತನ್ನದೆಂದು ಹೇಳಿ ಕಾಪಾಡುತ್ತಾಳೆ. ಕೂಸಿನ ತಂದೆ ತನ್ನ ಮಗನೆಂಬ ಮಾತು ಡೆಮಿಯಾಸನ ಕಿವಿಗೆ ಬಿದ್ದು, ಅವನು ಕ್ರಿಸಿಸಳನ್ನು ಮನೆಯಿಂದ ಹೊರಗೆ ಅಟ್ಟುತ್ತಾನೆ. ಕೊನೆಗೆ ನಿಜವು ಹೊರಬಿದ್ದು, ಮೋಸ್ಕಿಯೋನ ಪ್ಲಾಂಗೋನರಿಗೆ ವಿವಾಹವಾಗುತ್ತದೆ.

ಹಾಲಿವುಡ್ಡಿನ ಕಥೆಯು ಇದರಿಂದ ಹುಟ್ಟಿತೆಂದು ಸಾಧಿಸಬೇಕಾಗಿಲ್ಲ. ಸಾಮ್ಯಕ್ಕಿಂತ ವೈಷಮ್ಯವೇ ಹೆಚ್ಚು ಬೋಧಕವಾಗಿದೆ. ಗ್ರೀಕ್ ನಾಟಕದಲ್ಲಿ ಸತ್ಯಜ್ಞಾನವೇ ಗಂಟನ್ನು ಬಿಚ್ಚುವುದು. ಹೆತ್ತವರು ಗೊತ್ತಾಗಿ ಮದುವೆಯಾದಲ್ಲದೆ ಕೂಸಿಗೆ ನೆಲೆಯಿಲ್ಲ. ‘ಬ್ಯಾಚುಲರ್ ಮದರ್’ ಕಥೆಯಲ್ಲಿ ಕೂಸನ್ನು ಹೆತ್ತವರು ಯಾರೆಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಪಾಲಿಯನ್ನು ಮದುವೆಯಾಗುವೆನೆಂದು ಡೇವಿಡ್ಡನು ಹೇಳುವಾಗಲೂ ಅವಳೇ ಆ ಕೂಸಿನ ತಾಯಿಯೆಂದು ನಂಬಿದ್ದಾನೆ, ಅವಳು ನಗುತ್ತಾಳೆ, ಚಿತ್ರವು ಮುಗಿಯುತ್ತದೆ. ಭ್ರಾಂತಿಯು ನಿವೃತ್ತವಾಗದೆಯೇ ಫಲಪ್ರಾಪ್ತಿಯಾಗುವ ಈ ಮುಕ್ತಾಯವು ಹಾಸ್ಯಕೃತಿಗಳಲ್ಲಿ ವಿರಳ. ಇದರಿಂದ ನಾಯಕನ ಪ್ರೇಮದ ಬೆಲೆ ಹೆಚ್ಚುತ್ತದೆ. ನಿರ್ದೋಷಿಯೆಂದು ತಿಳಿದು ಕೈಹಿಡಿಯುವುದು ಯಾರಿಗೂ ಸಾಧ್ಯ. ಇವನು ತಿಳಿಯದೆ ಕೈಹಿಡಿದಿದ್ದಾನೆ.

ಅದೇ ೧೯೩೯ರಲ್ಲಿ ಈಡಿತ್ ವಾರ್ಟನ್ನಳ ಕಥೆಯನ್ನು ಆಧರಿಸಿದ ‘ದಿ ಓಲ್ಡ್ ಮೇಡ್’ ಎಂಬ ಗಂಭೀರ ಚಿತ್ರವೂ ಹೊರಬಂದಿತು. ಬೆಟಿ ಡೇವಿಸ್ ಅಭಿನಯಿಸಿದ ಷಾರ್ಲಟ್ ಅಲ್ಲಿ ಹೆತ್ತ ತಾಯಿ. ಮಗಳಾದರೋ ಬಂಧುವಾದ ಡೀಲಿಯಾಳನ್ನು ಅಮ್ಮನೆಂದೂ ಇವಳನ್ನು ಮುದಿ ಅವಿವಾಹಿತೆಯಾದ ಚಿಕ್ಕಮ್ಮನೆಂದೂ ತಿಳಿದು ಬೆಳೆಯುತ್ತಾಳೆ. ಹೆತ್ತವಳು ತಾಯಿಯಲ್ಲವೆಂದು ನಟಿಸಬೇಕಾದುದು ಆ ದುಃಖಕಥೆ. ಹೆರದವಳು ತಾಯಿಯೆಂದು ನಟಿಸಬೇಕಾದುದು ಈ ಹಾಸ್ಯಕಥೆ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ, ತಾಯ್ತನವನ್ನು ನಿಶ್ಚಯಿಸುವ ಅಧಿಕಾರವನ್ನು ಲೋಕವು ಸ್ತ್ರೀಯ ಕೈಯಿಂದ ಹೇಗೆ ಕಸಿದುಕೊಂಡಿತ್ತೆಂಬುದು ಸ್ಫುಟವಾಗುತ್ತದೆ.

೫

ಕೃತಿಯ ಮೇಲೆ ಒಂದು ಆಕ್ಷೇಪಣೆಯನ್ನು ತರಬಹುದು. ಕೂಸನ್ನು ಹೆತ್ತು ಬಿಟ್ಟವಳ ಸಂಕಟವೇನೆಂದು ಚಿತ್ರವು ಕೇಳುವುದೇ ಇಲ್ಲ. ಕನಿಕರವೆಲ್ಲವೂ ಅದಕ್ಕೆ ಅವಶ್ಯಕತೆಯಿಲ್ಲದ ನಿರ್ದೋಷಿಗೆ ಸಂದಿದೆ. ಆಕ್ಷೇಪಣೆಯು ನ್ಯಾಯವಾದುದು. ಆದರೂ ಪ್ರೇಕ್ಷಕನು ಒಂದೂವರೆ ಗಂಟೆಗಿಂತ ಕಡಿಮೆಯ ಅವಧಿಯಲ್ಲಿ, ಅವಿವಾಹಿತೆಯ ತೊಡೆಯ ಮೇಲಿನ ಕೂಸನ್ನು ಕಂಡು ಮುಖ ತಿರುಗಿಸದೆ ನಗಲು ಕಲಿಯುತ್ತಾನೆಂಬುದನ್ನು ಮರೆಯಲಾಗದು. ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂದು ನಾಟ್ಯಶಾಸ್ತ್ರವು ಹೇಳುತ್ತದೆ. ಇಲ್ಲಿ ಕ್ರಮವು ತಿರುಗಿ, ಹಾಸ್ಯದ ಸಲಿಗೆಯಲ್ಲಿಯೇ ಶೃಂಗಾರವೂ ವಾತ್ಸಲ್ಯವೂ ಬೆಳೆದಿವೆ. ಒಲ್ಲದೆ ಎತ್ತಿಕೊಂಡ ಮಗುವನ್ನು ಕೊನೆಗೆ ಬಿಡಲಾರದೆ ಪಾಲಿ ಓಡಿಹೋಗಲು ಸಿದ್ಧಳಾಗುವಳಷ್ಟೆ. ಆ ಹೊತ್ತಿಗೆ ಆರೋಪವು ನಿಜವಾಗಿಬಿಟ್ಟಿರುತ್ತದೆ.

ಮುಂದಿನ ಹೆಜ್ಜೆಯನ್ನು ಪ್ರೆಸ್ಟನ್ ಸ್ಟರ್ಜಸ್ ಇಟ್ಟನು. ೧೯೪೪ರಲ್ಲಿ ಬಿಡುಗಡೆಯಾದ ಅವನ ‘ದಿ ಮಿರಕಲ್ ಆಫ್ ಮಾರ್ಗನ್ಸ್ ಕ್ರೀಕ್’ ಚಿತ್ರದ ನಾಯಿಕೆ ನಿಜವಾಗಿಯೂ ಗರ್ಭಿಣಿ. ಯುದ್ಧಕ್ಕೆ ಹೊರಟ ಸೈನಿಕರ ಸಂತೋಷಕೂಟದ ರಾತ್ರಿ ಯಾರನ್ನೋ ಮದುವೆಯಾಗಿ, ಅವನ ಹೆಸರನ್ನೇ ಮರೆತಿದ್ದಾಳೆ. ಕೊನೆಗೆ ಒಂದೇ ಹೆರಿಗೆಯಲ್ಲಿ ಆರು ಗಂಡುಮಕ್ಕಳು ಹುಟ್ಟಿ, ನಿಂದೆಗೆ ಸಿದ್ಧವಾಗಿದ್ದ ಊರು ಉತ್ಸವಕ್ಕೆ ತೊಡಗುತ್ತದೆ. ಪಾಲಿಯ ಕಥೆಯನ್ನಂತೂ ಆರ್.ಕೆ.ಓ. ಸಂಸ್ಥೆಯೇ ೧೯೫೬ರಲ್ಲಿ ‘ಬಂಡಲ್ ಆಫ್ ಜಾಯ್’ ಎಂಬ ಹೆಸರಿನಿಂದ, ಹಾಡುಗಳನ್ನು ಸೇರಿಸಿ, ಡೆಬಿ ರೆನಾಲ್ಡ್ಸ್ ಮತ್ತು ಎಡಿ ಫಿಷರ್ ದಂಪತಿಗಳನ್ನು ನಾಯಕ ನಾಯಿಕೆಯರನ್ನಾಗಿ ಮಾಡಿ ಮತ್ತೆ ತೆಗೆಯಿತು. ಬಣ್ಣವೂ ಸಂಗೀತವೂ ಕೂಡಿಕೊಂಡರೂ ಮೊದಲಿನ ಚುರುಕು ಅದಕ್ಕೆ ಬರಲಿಲ್ಲ. ಹಸಿವಿನ ಭಯವು ಹಿಂದೆ ಸರಿದ ಕಾಲದಲ್ಲಿ, ಕೆಲಸ ಉಳಿಯಲೆಂದು ಕೂಸನ್ನು ಒಪ್ಪಿಕೊಳ್ಳುವ ಹುಡುಗಿಯ ಇಕ್ಕಟ್ಟು ಸಡಿಲಗೊಂಡಿತ್ತು. ೧೯೩೯ರ ಪಾಲಿಗೆ ಆ ಇಕ್ಕಟ್ಟು ಕಥೆಯ ನೆಪವಾಗಿರಲಿಲ್ಲ, ಮರುದಿನದ ಅನ್ನವಾಗಿತ್ತು.