ಯುನಿಕ್ಸ್ ಕುಲದ ವ್ಯವಸ್ಥೆಗಳು: ಪ್ರಯೋಗಾಲಯದಿಂದ ಜೇಬಿಗೆ

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಈ ಕಾರ್ಯಾಚರಣ ವ್ಯವಸ್ಥೆಯನ್ನು 1973ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದ ಮೇಲೆ, ಅದು ಒಂದೇ ಬಗೆಯ ಯಂತ್ರಕ್ಕೆ ಅಂಟಿಕೊಳ್ಳದೆ ಬೇರೆ ಬೇರೆ ಕಂಪ್ಯೂಟರುಗಳಿಗೆ ಒಗ್ಗತೊಡಗಿತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್, ಯುನಿಕ್ಸ್ ಮಾದರಿಯ ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನು ಯೋಜನೆಯನ್ನು ಸಾರಿದರು; 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್, ಎಂದರೆ ವ್ಯವಸ್ಥೆಯ ತಿರುಳನ್ನು, ಬಿಡುಗಡೆ ಮಾಡಿದರು. ಇವೆರಡೂ ಸೇರಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಯುನಿಕ್ಸ್ ಮಾದರಿಯ ವ್ಯವಸ್ಥೆ ಸಿದ್ಧವಾಯಿತು. ಸರ್ವರುಗಳಲ್ಲಿ ಅದು ಬೇಗ ನೆಲೆಯೂರಿತು. ಮನೆ, ಕಚೇರಿಗಳ ಮೇಜಿನ ಮೇಲೆ ಮಾತ್ರ ವಿಂಡೋಸ್‌ನದೇ ಮೇಲುಗೈ. ಅಲ್ಲಿ ಲಿನಕ್ಸ್‌ನ ಪಾಲು ಇಂದಿಗೂ ಚಿಕ್ಕದೇ.

ಸಾಮಾನ್ಯರ ಕೈಗೆ ಈ ವ್ಯವಸ್ಥೆಯನ್ನು ತಲುಪಿಸುವ ದಾರಿ ಮೇಜಿನ ಕಂಪ್ಯೂಟರ್ ಅಲ್ಲ, ಅಂಗೈಯಗಲದ ಸಾಧನ ಎಂಬುದನ್ನು ಮೊದಲೇ ಕಂಡುಕೊಂಡವರಲ್ಲಿ ಬೆಂಗಳೂರಿನವರೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಎನ್‌ಕೋರ್ ಸಂಸ್ಥೆಯವರೊಡನೆ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಜನರ ಮುಂದೆ ಬಂತು. ಅದರೊಳಗೆ ಓಡುತ್ತಿದ್ದುದು ಲಿನಕ್ಸ್. ಕಡ್ಡಿಯಿಂದ ಮುಟ್ಟಿ ಬಳಸುವ ಪರದೆ ಅದಕ್ಕಿತ್ತು. ಒಂದೇ ಸಾಧನವನ್ನು ಊರಿನ ಹಲವರು ಹಂಚಿಕೊಳ್ಳಲೆಂದು, ಪ್ರತಿಯೊಬ್ಬರ ಮಾಹಿತಿಗೆ ಬೇರೆ ಬೇರೆ ಸ್ಮಾರ್ಟ್ ಕಾರ್ಡ್ ಬಳಸುವ ಏರ್ಪಾಡೂ ಇತ್ತು. ಓದು ಬಾರದವರಿಗೆ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವನ್ನು ಇದಕ್ಕಾಗಿಯೇ ಸಿದ್ಧಪಡಿಸಲಾಯಿತು. 2004ರಲ್ಲಿ ಪಿಕೋಪೀಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿಗಳು ‘ಅಮಿಡ’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಬಡವರ ಪಾಲಿಗೆ ಅದು ದುಬಾರಿ, ಕೊಳ್ಳಬಲ್ಲವರ ಗಮನವೆಲ್ಲ ಮೊಬೈಲ್ ಫೋನಿನತ್ತ. ಮಾರಾಟವಾದದ್ದು ಕೆಲವೇ ಸಾವಿರ. ಆದರೂ ಇದನ್ನು ಬರೀ ಸೋಲೆಂದು ತಳ್ಳಿಹಾಕುವುದು ಅನ್ಯಾಯ: ಮುಟ್ಟುವ ಪರದೆ, ನಾಡಭಾಷೆಯ ಧ್ವನಿ, ಒಳಗೆ ಲಿನಕ್ಸ್ ಎಂಬ ಅದರ ಕಲ್ಪನೆಯೇ ಮುಂದೆ ಬೇರೆ ರೂಪದಲ್ಲಿ ಗೆದ್ದಿತು.

ಆ ರೂಪ ಆಂಡ್ರಾಯ್ಡ್. ಇದರ ಮೊದಲ ಫೋನ್ ಬಂದದ್ದು 2008ರಲ್ಲಿ. ಇದರ ತಳಹದಿ ಲಿನಕ್ಸ್ ಕರ್ನೆಲ್. ಮೇಲಿನ ಪದರಗಳಲ್ಲಿ ಗ್ನು ತಂತ್ರಾಂಶಗಳು ಹೆಚ್ಚಾಗಿ ಇಲ್ಲದ್ದರಿಂದ, ಇದನ್ನು ಯುನಿಕ್ಸ್ ಕುಲಕ್ಕೆ ಪೂರ್ತಿ ಸೇರಿಸಲು ಕೆಲವರು ಒಪ್ಪುವುದಿಲ್ಲ. 2012ರ ಜೆಲ್ಲಿ ಬೀನ್ ಆವೃತ್ತಿಯೊಂದಿಗೆ ಕನ್ನಡ ಅಕ್ಷರಗಳ ಬೆಂಬಲವೂ ಬಂತು. ಒತ್ತಕ್ಷರಗಳು ಚದುರಿ ಕಾಣುತ್ತಿದ್ದ ತೊಡಕು ಕ್ರಮೇಣ ತಗ್ಗಿತು. ಕನ್ನಡದ ಮಟ್ಟಿಗೆ ಇದು ದೊಡ್ಡ ತಿರುವು. ಇಂದು ಭಾರತದ ಸ್ಮಾರ್ಟ್‌ಫೋನುಗಳಲ್ಲಿ ಶೇ. 90ಕ್ಕೂ ಹೆಚ್ಚು ಆಂಡ್ರಾಯ್ಡ್‌ನವು. ಉಳಿದವು ಬಹುಪಾಲು ಐಫೋನುಗಳು. ಅವುಗಳ ವ್ಯವಸ್ಥೆಯ ಮೂಲವೂ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್ ಶಾಖೆಗೆ ಸೇರುತ್ತದೆ. 2017ರ ಜಿಯೋಫೋನಿನ ಕಾಯ್‌ಓಎಸ್ ಕೂಡ ಲಿನಕ್ಸ್ ಆಧಾರಿತವೇ.

ಹೀಗಾಗಿ ಮೈಸೂರಿನ ಕೆಸರೆಯಂಥ ಬಡಾವಣೆಯಲ್ಲಿ, ಕಂಪ್ಯೂಟರೇ ಇಲ್ಲದ ಮನೆಯಲ್ಲೂ ಯುನಿಕ್ಸ್‌ನ ವಂಶಜರು ಇರುವುದು ಸಹಜ. ಸ್ಯಾಮ್‌ಸಂಗ್ ಟೀವಿಯ ಟೈಝೆನ್, ಎಲ್‌ಜಿ ಟೀವಿಯ ವೆಬ್‌ಓಎಸ್, ಬಹುತೇಕ ವೈಫೈ ರೌಟರುಗಳ ಒಳಗಿನ ವ್ಯವಸ್ಥೆ, ಇವೆಲ್ಲ ಲಿನಕ್ಸ್ ಮೇಲೆ ನಿಂತವು. ವಿಂಡೋಸ್ ಕಂಪ್ಯೂಟರ್ ಕೂಡ ಇದರಿಂದ ಹೊರತಲ್ಲ: ಇತ್ತೀಚಿನ ವರ್ಷಗಳ ಅನೇಕ ಇಂಟೆಲ್ ಚಿಪ್‌ಗಳ ನಿರ್ವಹಣಾ ಘಟಕದಲ್ಲಿ ಯುನಿಕ್ಸ್ ಮಾದರಿಯದೇ ಆದ ಮಿನಿಕ್ಸ್ ಓಡುತ್ತದೆ. ಇನ್ನೊಂದು ತುದಿಯಲ್ಲಿ, ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ.