ಹೊಸಬರು ಕೂತ ಮೇಳ

ಯಮಕನಮರಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಾವನವರ ಹಾರ್ಮೋನಿಯಂ ವರ್ಷವಿಡೀ ಮುಚ್ಚಿಯೇ ಇತ್ತು. ಸೋಮವಾರದ ಭಜನೆಗೆ ಅವರೇ ಮುಂದಾಳು. ನಾವು ಹೆಂಗಸರು ಹಿಂದೆ ಕೂತು ತಾಳ ಹಾಕುತ್ತ ದನಿಗೂಡಿಸುವವರು. ಅವರು ತೀರಿಕೊಂಡ ಮೇಲೆ ಮೇಳ ಚದುರಿತು. "ಹಾಡಾವ್ರ ಹ್ವಾದ ಮ್ಯಾಲ ಪದ ಯಾಕ ಬೇಕವ್ವಾ" ಎಂದು ಅತ್ತೆ ಪೆಟ್ಟಿಗೆಯ ಮೇಲೊಂದು ಹಳೆಯ ಸೀರೆ ಹೊದಿಸಿಬಿಟ್ಟರು.

ಮಳೆಗಾಲದ ಒಂದು ಸಂಜೆ ಮಗ ಮೊಬೈಲಿನಲ್ಲಿ ಹಾಡು ಹಚ್ಚಿದ. ಗಿಟಾರು, ಡ್ರಮ್ಮಿನ ನಡುವೆ 'ಸೋರುತಿಹುದು ಮನೆಯ ಮಾಳಿಗಿ'! ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಏ ತಮ್ಮಾ, ಇದು ಶರೀಫ ಸಾಹೇಬರ ಪದ ಅಲ್ಲೇನೋ?"

ಹೌದು, ಅದೇ ಪದ. ಹಾಡಿದವರು ಮೈಸೂರಿನ ರಘು ದೀಕ್ಷಿತ್. ಅವರು ಮೊದಲು ಕಟ್ಟಿದ ತಂಡ 'ಅಂತರಾಗ್ನಿ'. ಜೊತೆಗಾರರು ಚದುರಿದರು, ತಂಡ ಉಳಿಯಲಿಲ್ಲ. ಆದರೆ ಅವರು ಹಾಡು ಬಿಡಲಿಲ್ಲ. ಹೊಸ ವಾದಕರನ್ನು ಕೂಡಿಸಿಕೊಂಡು 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂದು ಹೆಸರಿಟ್ಟರು. 2008ರಲ್ಲಿ ಮೊದಲ ಆಲ್ಬಂ ಬಂತು. ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ತತ್ವಪದಗಳೂ ಅದರಲ್ಲಿ ಕೂತವು.

"ಮಂದಿ ಬದಲಾದ್ರ ಕೇಳಾವ್ರು ಕೇಳ್ತಾರೇನು?" ಎಂದರು ಅತ್ತೆ.

ಮಗ ಆಸ್ಟ್ರೇಲಿಯಾದ ಏಸಿ ಡೀಸಿ ಎಂಬ ರಾಕ್ ತಂಡದ ಕಥೆ ಹೇಳಿದ. 1980ರ ಫೆಬ್ರುವರಿಯಲ್ಲಿ ಅದರ ಹಾಡುಗಾರ ಬಾನ್ ಸ್ಕಾಟ್ ಸತ್ತ. ಬ್ರಯಾನ್ ಜಾನ್ಸನ್ ಎಂಬ ಹೊಸಬನನ್ನು ಕರೆತಂದು, ಬಹಾಮಾಸ್ ದ್ವೀಪದಲ್ಲಿ ಧ್ವನಿಮುದ್ರಿಸಿ, ಅದೇ ಜುಲೈನಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಹೊರತಂದರು. ಸತ್ತವನ ನೆನಪಿಗೆ ಹೊದಿಕೆಯೆಲ್ಲ ಕಪ್ಪು; ಮೊದಲ ಹಾಡು ಗಂಟೆಯ ನಾದದಿಂದ ಸುರುವಾಗುತ್ತದೆ. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು.

ಅಷ್ಟು ದೂರ ಹೋಗಬೇಕೆ? ಶಿಶುನಾಳದ ಶರೀಫರು 1889ರಲ್ಲೇ ತೀರಿಕೊಂಡರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವೆಂದವರು. ಅವರ ದನಿಯನ್ನು ನಮ್ಮಲ್ಲಿ ಯಾರು ಕೇಳಿದ್ದೇವೆ? ಭಜನೆಯವರ ಬಾಯಿಂದ ಬಾಯಿಗೆ ಪದಗಳು ದಾಟಿದವು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ಸಿ. ಅಶ್ವತ್ಥರ ಸಂಗೀತ ಮನೆಮನೆ ಹೊಕ್ಕಿತು. ಈಗ ಗಿಟಾರಿನವರು ಬಂದಿದ್ದಾರೆ. ಪ್ರತಿ ಸಲವೂ ಮೇಳದಲ್ಲಿ ಹೊಸಬರೇ. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ತೆಗೆದು ಹೊಸದು ಹೊದಿಸುವುದಿಲ್ಲವೇ? ಮನೆ ಅದೇ ಇರುತ್ತದೆ.

ಶ್ರಾವಣದ ಮೊದಲ ಸೋಮವಾರ ಅತ್ತೆ ತಾವೇ ಸೀರೆ ಸರಿಸಿದರು. "ನೀ ಕೂಡವ್ವಾ" ಎಂದರು ನನಗೆ. ಗಂಡಸರು ಕೂಡುವ ಜಾಗ. ಓಣಿಯವರು ಏನಂದಾರೋ ಎಂದು ಕೈ ನಡುಗಿತು. ತಂಪಿಗೆ ಎರಡು ಮನೆಗಳು ಒತ್ತಿದಲ್ಲೇ ಹಿಡಿದುಕೊಂಡವು. ಮೊದಲ ಪದ ಶ್ರುತಿ ತಪ್ಪಿತು. ಹಿಂದಿನಿಂದ ಅತ್ತೆ ದನಿಗೂಡಿಸಿದರು, ಆಮೇಲೆ ಉಳಿದವರೂ.

ಮಾವನವರ ಹಾಗೆ ಹಾಡಲು ನನಗೆ ಬರುವುದಿಲ್ಲ. ಅವರ ಜಾಗದಲ್ಲಿ ಕೂತು, ನನಗೆ ಬಂದ ಹಾಗೆ ಹಾಡುತ್ತೇನೆ.